ಮುದ್ರೆ ಇಲ್ಲದ ಕಲ್ಲು

ಡಬ್ಬಿಯ ಮೇಲೆ ಅಚ್ಚಾಗಿತ್ತು: ಬಲ, ಎರಡು ಸಾವಿರ.
ಎರಡು ಸಾವಿರ ಏನು? ಗ್ರಾಮೋ, ತೊಲಿಯೋ?
ಮೂವತ್ತೊಂದು ವರ್ಷ ತೂಕ-ಅಳತೆ ಇಲಾಖೆಯಲ್ಲಿ
ಗದಗಿನ ಅಂಗಡಿ ಅಂಗಡಿ ಹತ್ತಿಳಿದು
ಕಿಲೋ ಕಲ್ಲಿನ ತಳದ ಸೀಸಕ್ಕೆ ಮುದ್ರೆ ಹೊಡೆದವ ನಾನು.
ಬರೆದ ತೂಕ ನಂಬೂದು ನಮ್ಮ ರಕ್ತದಾಗ ಇಲ್ಲ.

ಯಂತ್ರ ಬಂದದ್ದು ಕಿಲ್ಲೇದಾರನ ಗಡಿಯಾರದ ಅಂಗಡಿಗೆ,
ರಿಪೇರಿಗೆ ಬಿಟ್ಟವರು ಒಯ್ಯಲು ಬರಲೇ ಇಲ್ಲ.
ಕಂದು ಹಲಗೆ, ಅಂಚಿಗೆ ಹದಿನಾರು ಕೆಂಪು ದೀಪ.
ಕಾಯಿ ಒತ್ತಿ ಇಟ್ಟರೆ ಪೀಂ ಎನ್ನುವುದು,
ತನ್ನ ನಡೆಯನ್ನು ದೀಪದಲ್ಲಿ ಹೇಳಿ
ತನ್ನ ಕುದುರೆಯನ್ನು ನಮ್ಮ ಕೈಯಿಂದಲೇ ಜಿಗಿಸುವುದು,
ಹಾಸಿಗೆ ಹಿಡಿದೂ ಹುಕುಂ ಬಿಡದ ಸಾಹುಕಾರನ ಹಾಗೆ.

ತೂಗೋಣ ಅಂದೆ.
ಆಚೆ ತಟ್ಟೆಗೆ ಏನಿಡುವುದು?
ಊರಿನ ಆಟಗಾರರನ್ನೇ ಇಟ್ಟೆವು.

ಹೆಸರುಕಾಳಿನ ದಲಾಲಿ ನೇಮಿಚಂದ, ಹನ್ನೆರಡಕ್ಕೆ ಒಂಬತ್ತು ಸೋಲು.
ಆದರೆ ಆ ವಾರ ಧಾರಣಿ ಬಿದ್ದಿತ್ತು.
ಬೆಟಗೇರಿ ದವಾಖಾನೆಯ ನರ್ಸ್ ಎಸ್ತೇರಮ್ಮ
ರಾತ್ರಿಪಾಳಿ ಮುಗಿಸಿ ಬಂದು, ಆಕಳಿಸುತ್ತ, ಎರಡು ಡ್ರಾ, ಒಂದು ಗೆಲುವು.
"ಆಶೆಬುರುಕ ಐತ್ರೀ ಇದು. ಒಂದು ಪದಾತಿ ತೋರಿಸ್ರಿ,
ರಾಜನ್ನ ಬಿಟ್ಟು ಓಡಿ ಬರ್ತೈತಿ."

ಇವೆಂಥ ಕಲ್ಲು!
ಹಲ್ಲು ನೋವಾದರೆ ಹಗುರ,
ಮಗಳ ನಿಶ್ಚಯವಾದರೆ ಭಾರ.
ಇಂಥವನ್ನು ಸಂತೆಯಲ್ಲಿ ಎಷ್ಟೋ ಸಲ ಜಪ್ತಿ ಮಾಡಿದ್ದೇನೆ.
ಮನುಷ್ಯರನ್ನು ಜಪ್ತಿ ಮಾಡುವ ಕಾಯಿದೆ ಇಲ್ಲ.

ಉಳಿದವ ದಾವಲಸಾಬ ಕಿಲ್ಲೇದಾರ.
ಕೂದಲಿಗಿಂತ ತೆಳುವಾದ ಸ್ಪ್ರಿಂಗನ್ನು
ಉಸಿರು ಬಿಗಿಹಿಡಿದು ಕೂಡಿಸುವ ಕೈ.
ಇವನೇ ನಮ್ಮ ಪಕ್ಕಾ ಕಿಲೋ.
ದಿನಾ ಸಂಜೆ ಒಂದಾಟ, ಮೂರನೆಯ ಹಂತ,
ಹಳೆಯ ತಪಾಸಣಿ ವಹಿಯಲ್ಲಿ ನನ್ನ ಬರಹ.

ಕಾರಹುಣ್ಣಿಮೆಯ ತನಕ ಇಪ್ಪತ್ತರಲ್ಲಿ ಹದಿನಾಲ್ಕು ಅವನದು.
ಶೀಗಿಹುಣ್ಣಿಮೆಗೆ ಒಂಬತ್ತು.
"ಯಂತ್ರ ಕಲೀಲಿಕ್ಕೆ ಹತ್ತೈತಿ!" ನೇಮಿಚಂದನಿಗೆ ಖುಷಿ.
ಕಿಲ್ಲೇದಾರ ಸ್ಕ್ರೂ ಬಿಚ್ಚಿ ಹೊಟ್ಟೆ ತೋರಿಸಿದ:
ಒಂದು ಕರಿ ಚಿಪ್ಪು, ಜರಿಹುಳದಂತೆ ಸಾಲು ಕಾಲು.
"ಇದರಾಗ ಕಲಿಯೋ ಜಾಗಾನೇ ಇಲ್ಲೋ.
ಅವತ್ತು ಎಷ್ಟೋ ಇವತ್ತೂ ಅಷ್ಟ.
ಸೆಲ್ ತೆಗಿ, ನಿನ್ನಿದೆಲ್ಲಾ ಮರೀತೈತಿ."
ನಾವು ನಕ್ಕೆವು. ಅವನೂ ನಕ್ಕ.
ಆಮೇಲೆ ಸ್ಕ್ರೂ ಎಲ್ಲಿಟ್ಟೆ ಎಂದು
ಗಾಜಿನ ಪೆಟ್ಟಿಗೆಯ ಕೆಳಗೆ, ಜೇಬಲ್ಲಿ, ಚಹದ ಬಸಿಯಲ್ಲಿ
ಬಹಳ ಹೊತ್ತು ಹುಡುಕಿದ.
ಎಡಮುಷ್ಟಿಯಲ್ಲೇ ಇದ್ದವು, ನಾಲ್ಕೂ.

ಎಳ್ಳಮಾಸಿಯ ಪುಟದಲ್ಲಿ ಮೂರು.

ಆ ರಾತ್ರಿ ವಹಿ ಮುಚ್ಚದೆ ಕೂತೆ.
ಒಂದು ತಟ್ಟೆ ಅಲುಗಿಯೇ ಇಲ್ಲ ಅಂದಮೇಲೆ
ಇನ್ನೊಂದು ಮೇಲೇರುತ್ತಿರುವುದು ಯಾಕೆಂದು
ಕಿರಾಣಿ ಅಂಗಡಿಯ ಹುಡುಗನೂ ಹೇಳಬಲ್ಲ.

ನಾನು ಹೇಳಲಿಲ್ಲ.
ಮರುಸಂಜೆ, ಅವನು ವಜು ಮುಗಿಸಿ ನಮಾಜಿಗೆ ಹೋದಾಗ,
ಹಂತದ ಗುಂಡಿ ಒತ್ತಿ ಮೂರನ್ನು ಒಂದಕ್ಕೆ ಇಳಿಸಿದೆ.
ಬೆರಳು ತಕ್ಕಡಿಗೆ ತಾಗಿದ್ದು
ನೌಕರಿಯುದ್ದಕ್ಕೂ ಇಲ್ಲ, ಈಗ, ಪೆನ್ಶನ್ನಿನಲ್ಲಿ.

"ಹದಿನೆಂಟು ನಡ್ಯಾಗ ಮೇಟ್, ನೋಡ್ದೇನು!"
ಅಂದ ಕಿಲ್ಲೇದಾರ, ಚಷ್ಮಾ ಒರೆಸುತ್ತ.
ನೋಡ್ದೆ ಅಂದೆ.
ದೀಪಗಳೆಲ್ಲ ಒಮ್ಮೆ ಮಿನುಗಿ ಆರಿದವು.
ತಾರೀಖು ಬರೆದೆ, ಗೆದ್ದವನ ಹೆಸರು ಬರೆದೆ,
ಹಂತದ ಕಾಲಮ್ಮು ಖಾಲಿ ಬಿಟ್ಟೆ.