ಎಣಿಸುವವಳು

ಬೊಗೊಟಾದ ಹದಿಮೂರನೇ ರಸ್ತೆ
ಪಡುವಣಕ್ಕೆ ಹೊರಳುವಲ್ಲಿ
ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಎದಿಲ್ಮಾ ಕುಬೀದೆಸ್.
ಮಡಿಲಲ್ಲಿ ಕಾಫಿ ಫ್ಲಾಸ್ಕು, ಮುಷ್ಟಿಯಲ್ಲಿ ಉಕ್ಕಿನ ಗುಂಡಿಯಂತ್ರ:
ಸೈಕಲ್ಲು ಹೋದರೆ ಒಂದು ಸಲ ಒತ್ತಬೇಕು.
ಅಷ್ಟೇ ಕೆಲಸ. ನಗರಸಭೆಯ ಸಂಬಳ.

ಮೊದಲ ವರ್ಷ ಹೆಬ್ಬೆರಳಿಗೆ ಜೋಮು ಹಿಡಿಯುತ್ತಿತ್ತು,
ಒತ್ತಿ ಅಲ್ಲ, ಒತ್ತದೆ.
ಬಸ್ಸುಗಳ ಕರಿಹೊಗೆ ಸೀಳಿಕೊಂಡು
ಕೆಮ್ಮುತ್ತ ಬರುತ್ತಿದ್ದವರು ಬೆರಳೆಣಿಕೆ:
ಬ್ರೆಡ್ಡಿನ ಬುಟ್ಟಿಯ ಮುದುಕ,
ರಾತ್ರಿಪಾಳಿ ಮುಗಿಸಿದ ಕಾವಲುಗಾರ,
ಜಡಿಮಳೆಗೆ ತಲೆಯ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡ ದಾದಿ.
ಡ್ರೈವರುಗಳು ಹಾರನ್ನಿನಲ್ಲೇ
ಅವರ ತಾಯಂದಿರನ್ನು ವಿಚಾರಿಸಿಕೊಳ್ಳುತ್ತಿದ್ದರು.

ಒಂದು ದಿನ ತಕರಾರು ಬಂತು.
ಅಪ್ಪನೊಬ್ಬ ಬಂದ, ಮುಂದಿನ ಸರಳಿನ ಮೇಲೆ ಮಗಳು,
ಬೆನ್ನಿಗೆ ಶಾಲೆಯ ಚೀಲ, ಬಾಯಲ್ಲಿ ಅರ್ಧ ಜೋಳದ ರೊಟ್ಟಿ.
ಎದಿಲ್ಮಾ ಎರಡು ಸಲ ಒತ್ತಿದಳು.
ಮೇಲ್ವಿಚಾರಕ ಪಾಲೊಮಿನೊ ಕಂಡುಬಿಟ್ಟ:
“ಚಕ್ರ ನೋಡಿ ಎಣಿಸು, ತಲೆ ನೋಡಿ ಅಲ್ಲ.”
“ಚಕ್ರವೂ ಎರಡೇ ಇವೆಯಲ್ಲ?”
ಆತ ನಗಲಿಲ್ಲ. ಕಾಗದದಲ್ಲಿ ಒಂದು ಕಳೆದ.

ಆಮೇಲೆ ರಸ್ತೆಯ ಅಂಚಿಗೆ ಬಣ್ಣ ಬಳಿದರು,
ಕಾರು ನಿಲ್ಲುವ ಜಾಗ ಕಿತ್ತು
ಮೊಣಕಾಲೆತ್ತರದ ಗೂಟ ನೆಟ್ಟರು.
ಔಷಧಿ ಅಂಗಡಿಯವನು ಹಿಡಿಶಾಪ ಹಾಕಿದ,
ಆರು ತಿಂಗಳಿಗೆ ಅದೇ ಬಾಗಿಲಲ್ಲಿ
ಕೆಮ್ಮಿನ ಸಿರಪ್ಪಿನ ಪಕ್ಕ ಟ್ಯೂಬು ತೂಗುಹಾಕಿದ.

ಬಂದರು ನೋಡಿ ಆಗ!
ಬೋಸಾದಿಂದ, ಕೆನೆಡಿಯಿಂದ, ಸಾಲಾಗಿ, ಒತ್ತೊತ್ತಾಗಿ,
ಗಾರೆ ಮೆತ್ತಿದ ಬೂಟು, ಹೆಗಲಾಚೆ ಹಾರಿಸಿದ ಟೈ,
ಏಣಿ ಹೊತ್ತವನೊಬ್ಬ,
ಬೀಗದ ಸರಪಳಿಯನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡವರು.
ಕಳ್ಳರೂ ಹೆಚ್ಚಿದ್ದರು.
ಅವರು ಹೋಗುತ್ತಿದ್ದುದೂ ಸೈಕಲ್ಲಿನ ಮೇಲೆಯೇ,
ಅವರನ್ನೂ ಒತ್ತಿದಳು.

ನಾಲ್ಕನೆಯ ವರ್ಷ, ಶಾಲೆ ತೆರೆದ ವಾರ,
ಆ ಅಪ್ಪ ಬಂದ. ಸರಳು ಖಾಲಿ.
ಎದಿಲ್ಮಾಳ ಬೆರಳು ಗುಂಡಿಯ ಮೇಲೇ ನಿಂತಿತು.
ಹತ್ತು ಮಾರು ಹಿಂದೆ
ಸೀಟು ಎಟುಕದೆ ನಿಂತೇ ತುಳಿಯುತ್ತ
ಮಗಳು. ಅವಳದೇ ಸೈಕಲ್ಲು, ಅವಳದೇ ಬೈಗುಳ.
ಟಕ್. ಟಕ್.
ಆ ವರ್ಷದ ಏರಿಕೆಗೆ ಪತ್ರಿಕೆಯವರು
ಏನೇನೋ ಕಾರಣ ಬರೆದರು.
ಪಾಲೊಮಿನೊ ಕಳೆದಿದ್ದ ಒಂದು
ವಾಪಸು ಬಂದಿತ್ತು, ಅಷ್ಟೇ.

ಜೂನಿನಲ್ಲಿ ಡಾಂಬರು ಕೊರೆದು ತಂತಿ ಹೂತರು.
ಪಕ್ಕದಲ್ಲಿ ಕಂಬ, ಕಂಬದಲ್ಲಿ ಮಿನುಗುವ ಅಂಕಿ.
ತಂತಿಗೆ ಕಾಫಿ ಬೇಡ, ಸೊಂಟ ಹಿಡಿಯುವುದಿಲ್ಲ,
ಯಾರ ಮುಖವೂ ಅದಕ್ಕೆ ನೆನಪಿರುವುದಿಲ್ಲ.
ಎದಿಲ್ಮಾ ಸ್ಟೂಲು ಹಿಂತಿರುಗಿಸಿದಳು,
ಗುಂಡಿಯಂತ್ರ ಕಳೆದುಹೋಯಿತು ಎಂದಳು.
ಕೊನೆಯ ಸಂಬಳಕ್ಕೆ ಹಳೆಯದೊಂದು ಸೈಕಲ್ಲು,
ಯಾರದೋ ಕದ್ದದ್ದೇ ಇರಬಹುದು, ಕೇಳಲಿಲ್ಲ.
ಐವತ್ತೆರಡರ ಮಂಡಿ
ಚೈನಿಗಿಂತ ಮೊದಲು ಕಿರುಗುಟ್ಟಿತು.

ಮುಂಜಾವ ನಾಲ್ಕಕ್ಕೆ ಅಂಕಿ ಸೊನ್ನೆಗೆ ಮರಳುತ್ತದೆ.
ಪೂರ್ವದ ಬೆಟ್ಟಗಳ ಹಿಂದೆ ಇನ್ನೂ ಕತ್ತಲು.
ತಂತಿ ದಾಟಿ, ಕಾಲೂರಿ, ತಿರುಗಿ ನೋಡಿದಳು:
ಕಂಬದ ಮೇಲೆ, ಒಂದು.

ನಮ್ಮ ಕಡೆ ರಾಶಿ ಅಳೆಯುವವರು
ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ,
ಲಾಭ ಎನ್ನುತ್ತಾರೆ.
ಅವಳಿಗದು ಗೊತ್ತಿಲ್ಲ.
ಕೋಟಿನ ಜೇಬಿನೊಳಗೆ ಹೆಬ್ಬೆರಳು
ತಾನಾಗಿ ಒತ್ತಿತು.
ಹಿಂದೆಯೇ ಬಿಸಿ ಬ್ರೆಡ್ಡಿನ ವಾಸನೆ,
ಅದರ ಹಿಂದೆ ಮುದುಕ.
ಎರಡು.