ಒಂಬತ್ತು ಮಂಚ

ಹನ್ನೊಂದು ಮಂಚ, ನಾಕು ಛತ್ರಿ, ಮೂರು ಸಾವಿರ ರೂಪಾಯಿ.
ಇಷ್ಟರಾಗ ಮುಗಸು ಅಂದಾನ ಕಾಯ್ತಾನ;
ಮುಗಿಯೂದಿಲ್ಲಂತ ಅವಗೂ ಗೊತ್ತು, ಅದಕ್ಕ
ಚಾ ತಾನ ತಂದುಕೊಟ್ಟ.

ಮಳಿಗಾಲ ಪೂರಾ ಗರಿ ಮುಚಗೊಂಡು ಬಿದ್ದಿದ್ದವು.
ಮೊಳಿ ಕಿತ್ತರ ತಲಿ ಅಷ್ಟ ಬರತೈತಿ,
ಮೈ ಕಟಿಗ್ಯಾಗ ಉಳಿತೈತಿ. ಉಪ್ಪುಗಾಳಿ ಕೆಲಸ.
ಎರಡು ಮಂಚ ಕೈಬಿಟ್ಟು
ಅವುಗಳ ಕಾಲು ಉಳದವಕ್ಕ ಕೂಡಿಸಿದ ಫಕೀರಪ್ಪ.
ಕುಂಟೂದು ಒಂದ; ಅದನ್ನ ಉಸುಕಿನಾಗ ಹುಗದರ ಸೈ.

ಬಣ್ಣ ಕೊಂಡಿಲ್ಲ. ಮೀನದೋಣಿಗೆ ಬಳದು ಮಿಕ್ಕ
ಅರ್ಧ ಡಬ್ಬಿ ನೀಲಿ, ಸೀಮೆಎಣ್ಣಿ ಹಾಕಿ ಕಲಸಿ
ಏಳಕ್ಕ ಸಾಕಾತು.
ಇನ್ನೆರಡು ಬೋಳ ಕಟಿಗಿ.
‘ಇರಲಿ, ಅದ ಈಗ ಫ್ಯಾಷನ್’ ಅಂದ ಕಾಯ್ತಾನ.

ಗಾದಿಗೆ ರೆಕ್ಸಿನ್ ತುಟ್ಟಿ.
ಮಾಪ್ಸಾ ಗುಜರಿಯಾಗ ಚುನಾವಣಿ ಫ್ಲೆಕ್ಸು
ಕಿಲೋ ಲೆಕ್ಕ ಸಿಕ್ಕವು.
ಬಿಳಿಮೈ ಮ್ಯಾಲ, ಮಾರಿ ಒಳಗ ಮಾಡಿ
ದಪ್ಪ ಸೂಜಿ ಹಾಕಿ ಹೊಲದೆ.
ಮ್ಯಾಲೊಂದು ಟವೆಲ್ಲು ಹಾಸಿದರ ಯಾರಿಗೆ ಗೊತ್ತು?

ಹೊಲದಾಕಿ ಮಲಗಿ ನೋಡಬೇಕಲ್ಲ.
ಕ್ಯಾಂಡೋಲಿಂ ದಂಡಿ ಇನ್ನೂ ಖಾಲಿ, ನಾಯಿ ಅಷ್ಟ.
ಬೆನ್ನ ಕೆಳಗ ಒಬ್ಬಾಂವ ಕೈ ಮುಗದು ನಗಲಿಕತ್ತಾನ.
ನಮ್ಮ ಓಣಿಗೆ ಅಂವ ಬಂದಿರಲಿಲ್ಲ;
ನಮ್ಮ ಓಟು ರೋಣದಾಗ ಐತಿ, ನಾವು ಇಲ್ಲಿ.
ಕಣ್ಣು ಮುಚ್ಚಿದೆ. ತೆರಿ ಸಪ್ಪಳ.
ಈ ಮಂಚಕ್ಕ ದಿನಕ್ಕ ಮುನ್ನೂರಂತ ಬಾಡಿಗಿ.

ಬಲಗಡೆ ಹೊಲಿಗಿ ಪಕ್ಕೆಲುಬಿಗೆ ಒತ್ತಿತು.
ಎದ್ದು, ಅಷ್ಟುದ್ದ ಬಿಚ್ಚಿದೆ.