ಚೆಕ್ಕುಬಂದಿ

ಏಳು ನಿಮಿಷದ ವಿಡಿಯೊ.
ಸಿದ್ದಿ ತಾಲೀಮಿನ ಗಲ್ಲಿಯಲ್ಲಿ ದಸ್ತಗೀರ್ ಚಾಚಾ
ಕರಿ ಹೂಜಿಯ ಮೈಗೆ ಬೆಳ್ಳಿತಂತಿ ಕೂಡಿಸುತ್ತಾರೆ,
ಅಷ್ಟೇ ಅದರ ಕತೆ.
ಅವತ್ತು ಪಕ್ಕದಲ್ಲಿ ಬೋರ್ ಕೊರೆಯುತ್ತಿದ್ದರು,
ನಾ ಹಿಡಿದ ಸದ್ದೆಲ್ಲ ಹಾಳು.
ಕೆಳಗೊಂದು ಸಿನಿಮಾ ಹಾಡು ಹಾಸಿದೆ.
ರಾತ್ರಿ ಹನ್ನೊಂದಕ್ಕೆ ಕೆಂಪು ಗುರುತು ಬಂತು:
ಈ ದನಿ ನಿನ್ನದಲ್ಲ.

ತೆಗೆದೆ. ಚಾಚಾನ ಸುತ್ತಿಗೆ
ಹತ್ತಿಯ ಮೇಲೆ ಬಿದ್ದಂತೆ ಬೀಳತೊಡಗಿತು.

ಹುಡುಕಿದೆ. ಉಸ್ಮಾನ್‌ಗಂಜಿನ ಕಾಳಿನಂಗಡಿಯಂತೆ
ಚೀಲ ಚೀಲ ಸಂಗೀತ ಬಾಯಿ ತೆರೆದು ಕೂತಿತ್ತು:
ಉಲ್ಲಾಸ, ನಲವತ್ತು ಸೆಕೆಂಡು. ದುಃಖ, ಒಂದೂವರೆ ನಿಮಿಷ.
ಮುಂಜಾವು ಹದಿನಾಲ್ಕು.
ಪುಕ್ಕಟೆ ಅಂತ ಬರೆದದ್ದರ ಕೆಳಗೆ
ಇರುವೆ ಸಾಲಿನಂಥ ಅಕ್ಷರ:
ಹೆಸರು ಹೇಳಿ ಬಳಸು.
ಬಳಸು, ಕಾಸು ಮಾಡಬೇಡ.
ಕತ್ತರಿ ಹಾಕಬೇಡ.
ಒಂದಕ್ಕಂತೂ ಮಾಡಿದವನ ಹೆಸರೇ ಇಲ್ಲ,
ಹೊಲದಲ್ಲಿ ಒಂಟಿ ನಿಂತ ಎತ್ತು;
ಹಗ್ಗ ಹಾಕಿ ತರಲು ಹೆದರಿಕೆ.
ಅಪ್ಪ ತಹಶೀಲಿಯಲ್ಲಿ ಪಹಣಿ ಓದುತ್ತಿದ್ದ ಹಾಗೆ
ಬೆರಳಿಟ್ಟು ಓದಿದೆ, ರಾತ್ರಿ ಎರಡರವರೆಗೆ.
ಸಿಕ್ಕಿತು ಕೊನೆಗೆ, ಯಾವ ತಕರಾರೂ ಇಲ್ಲದ್ದು.
ಕೂಡಿಸಿ ನೋಡಿದರೆ ಚಾಚಾ
ಹಲ್ಲಿನ ಪೇಸ್ಟಿನ ಜಾಹೀರಾತಿನಲ್ಲಿ ಕೂತಿದ್ದರು.

ಮರುದಿನ ಮಂಗಲಪೇಟೆ.
ಸಾಮುವೇಲಪ್ಪ ಮಾಸ್ತರರ ಹಾರ್ಮೋನಿಯಂಗೆ
ಎರಡು ಬಿಳಿ ಮನೆ ಮೂಕ.
ಅವನ್ನು ದಾಟಿ ದಾಟಿ ನುಡಿಸಿದರು,
ಹಳ್ಳದಲ್ಲಿ ಕಲ್ಲಿಂದ ಕಲ್ಲಿಗೆ ಕಾಲಿಟ್ಟಂತೆ.
"ಇದು ಯಾರದು ಮಾಸ್ತರ?"
"ಮೊನ್ನಿ ಕರೆಂಟ್ ಹೋದಾಗ ಹುಟ್ಟಿದ್ದು. ನಂದೇ ಇರಬೇಕು."
ಇರಬೇಕು ಅಂದರೆ ಕಾಯ್ದೆಗೆ ನಡೆಯೋದಿಲ್ಲ, ಅಂದೆ.
ನಕ್ಕರು. ಟೋಪಿ ಹಾಕಿ ನನ್ನ ಹಿಂದೆ ಬಂದರು.

ಕೋರ್ಟಿನ ಮುಂದೆ, ಬೇವಿನ ಕೆಳಗೆ, ಪತ್ರ ಬರೆಯುವ ವೈಜಿನಾಥ
ನೂರು ರೂಪಾಯಿ ಬಾಂಡಿನ ಮೇಲೆ ಪೆನ್ನು ಊರಿ ಕೇಳಿದ:
"ಆಸ್ತಿ ಯಾವ್ದು?"
ರಾಗ.
"ಎಷ್ಟು ಗುಂಟೆ?"
ಮೂರು ನಿಮಿಷ ಹತ್ತು ಸೆಕೆಂಡು.
"ಚೆಕ್ಕುಬಂದಿ ಹೇಳ್ರಿ. ಅದಿಲ್ಲದ ಪತ್ರ ನಾ ಬರದೇ ಇಲ್ಲ."
ಮಾಸ್ತರರು ಕಣ್ಣು ಮುಚ್ಚಿದರು.
"ಪೂರ್ವಕ್ಕ ತಿದಿಯ ಉಸಿರು.
ಪಶ್ಚಿಮಕ್ಕ ನನ್ನ ಕೆಮ್ಮು.
ದಕ್ಷಿಣಕ್ಕ ನಮ್ಮಕ್ಕ ಸುಗಂಧಿ ಕಲಿಸಿದ ಮೊದಲ ಸ್ವರ,
ಅದು ಆಕೀದು, ಅದಕ್ಕ ಕೈ ಹಚ್ಚಬ್ಯಾಡ.
ಉತ್ತರಕ್ಕ...
ಉತ್ತರಕ್ಕ ಬಯಲು."
ವೈಜಿನಾಥ ಒಂದಕ್ಷರ ಬಿಡದೆ ಬರೆದ.
ಕೂಲಿ ಐವತ್ತು ತಗೊಂಡ, ಚಹಾ ತಾನೇ ತರಿಸಿದ.

ಈಗ ಚಾಚಾ ತಂತಿ ಬಡಿಯುವಾಗ
ನಾಲ್ಕನೇ ನಿಮಿಷದಲ್ಲೊಂದು ಕೆಮ್ಮು ಕೇಳುತ್ತದೆ.
ಚಾಚಾ ತಲೆ ಎತ್ತಿ ನೋಡುವುದೂ ಸರಿಯಾಗಿ ಆಗಲೇ.
ನಾ ಜೋಡಿಸಿದ್ದಲ್ಲ.

ನಿನ್ನೆ ಭಾಲ್ಕಿಯಿಂದ ಫೋನು, ಮದುವೆ ವಿಡಿಯೊ ಮಾಡುವವ:
"ಆ ಬಾಜಾ ಪುಕ್ಕಟೆ ಅದ ಏನ್ರಿ?"
ತಡೀರಿ ಅಂದು ಮಾಸ್ತರರನ್ನು ಕೇಳಿದೆ.
"ಕೊಡು. ಕೆಮ್ಮು ಮಾತ್ರ ಕತ್ತರಿಸಬ್ಯಾಡ ಅನ್ನು.
ಗಡಿಕಲ್ಲು ಕಿತ್ತರ
ಹೊಲ ಯಾರದಂತ ಹ್ಯಾಂಗ ಗೊತ್ತಾಗಬೇಕು?"